ಹಿಚ್‌ಕಾಕ್ ಚಿತ್ರಗಳಲ್ಲಿ ಮೊದಲ ಸ್ಥಾನ ಯಾವುದಕ್ಕೆ? ನನ್ನ ಮತ ‘ನೊಟೋರಿಯಸ್’ಗೆ

ಬೆಳ್ಳಿತೆರೆ:

ನಿರ್ದೇಶಕ ಆಲ್‌ಫ್ರೆಡ್ ಹಿಚ್‌ಕಾಕ್ ಅವರ ಚಿತ್ರಗಳನ್ನು ಕಳೆದ ಮಳೆಗಾಲದಿಂದ ಒಂದೊಂದಾಗಿ ಮತ್ತೆ ನೋಡುತ್ತಾ ಬಂದೆ. ಹೆಚ್ಚಿನವು ಹಿಂದೆಯೇ ನೋಡಿದ್ದ ಚಿತ್ರಗಳು. ಕೊಲೆಗಾರ ಯಾರು, ಕೊನೆಗೆ ಯಾರು ಉಳಿಯುತ್ತಾರೆ ಎಂಬುದೆಲ್ಲ ಗೊತ್ತು. ಹಾಗಿದ್ದೂ ಕೆಲವು ಚಿತ್ರಗಳಲ್ಲಿ ಅಂಗೈ ಬೆವರಿತು, ಕೆಲವು ತಣ್ಣಗೆ ಸಾಗಿ ಮುಗಿದವು. ಆ ವ್ಯತ್ಯಾಸವನ್ನೇ ಅಳತೆಗೋಲು ಮಾಡಿಕೊಂಡು ಇಲ್ಲಿ ಸ್ಥಾನ ಕೊಡುತ್ತಿದ್ದೇನೆ. ಎಲ್ಲ ಕಥೆಗಳ ಗುಟ್ಟೂ ಬಯಲಾಗುತ್ತದೆ, ನೋಡದವರು ನೋಡಿಕೊಂಡು ಬಂದು ಓದಿ.

ಈ ಅಳತೆಗೋಲು ಒಂದು ರೀತಿಯಲ್ಲಿ ಹಿಚ್‌ಕಾಕ್ ಅವರದೇ. 1962ರಲ್ಲಿ ಫ್ರೆಂಚ್ ನಿರ್ದೇಶಕ ಫ್ರಾನ್ಸ್ವಾ ಟ್ರೂಫೋ ಅವರೊಂದಿಗೆ ದಿನಗಟ್ಟಲೆ ಮಾತಾಡುವಾಗ ಅವರು ಮೇಜಿನ ಕೆಳಗಿನ ಬಾಂಬಿನ ಉದಾಹರಣೆ ಕೊಟ್ಟರು. ಬಾಂಬ್ ಇರುವುದು ನಮಗೂ ಗೊತ್ತಿಲ್ಲದೆ ಸಿಡಿದರೆ ನಾವು ಬೆಚ್ಚುವುದು 15 ಸೆಕೆಂಡು. ಅದು ಅಲ್ಲಿದೆ ಎಂದು ನಮಗೆ ಮೊದಲೇ ತಿಳಿದಿದ್ದು, ಮೇಜಿನ ಸುತ್ತ ಕುಳಿತವರಿಗೆ ತಿಳಿಯದಿದ್ದರೆ 15 ನಿಮಿಷ ಉಸಿರು ಬಿಗಿಹಿಡಿದು ಕೂರುತ್ತೇವೆ. ಅಂದರೆ ತಿಳಿದವರಿಗೇ ಭಯ ಹೆಚ್ಚು. ಹಾಗಾದರೆ ಅವರ ಅತ್ಯುತ್ತಮ ಚಿತ್ರ ಎರಡನೆಯ, ಮೂರನೆಯ ಬಾರಿ ನೋಡುವಾಗ ಇನ್ನಷ್ಟು ಬಿಗಿಯಾಗಬೇಕು.

ಆ ಲೆಕ್ಕದಲ್ಲಿ ‘ನೊಟೋರಿಯಸ್’ (1946) ಮೊದಲನೆಯದು. ನಾಜಿ ಬಳಗದವನನ್ನು ಮದುವೆಯಾಗಿ ಅವನ ಮೇಲೆಯೇ ಕಣ್ಣಿಡುವ ಹೆಣ್ಣಿನ ಕಥೆ. ಪಾರ್ಟಿಯ ದೃಶ್ಯ ನೆನಪಿಸಿಕೊಳ್ಳಿ. ರಿಯೋದ ಆ ಮನೆಯ ಹಜಾರವನ್ನು ಕ್ಯಾಮೆರಾ ಮೇಲಿನಿಂದ ನೋಡುತ್ತದೆ. ದೀಪಗಳು, ಅತಿಥಿಗಳು, ಬಾಗಿಲಲ್ಲಿ ನಿಂತು ಸ್ವಾಗತಿಸುತ್ತಿರುವ ಗಂಡ ಹೆಂಡತಿ. ಅಲ್ಲಿಂದ ಎಲ್ಲಿಯೂ ಕತ್ತರಿಸದೆ ಕೆಳಗಿಳಿಯುತ್ತಾ ಇಳಿಯುತ್ತಾ ಇಂಗ್ರಿಡ್ ಬರ್ಗ್‌ಮನ್ ಅವರ ಮುಷ್ಟಿಯೊಂದೇ ತೆರೆ ತುಂಬುವವರೆಗೆ ಬರುತ್ತದೆ. ಮುಷ್ಟಿಯೊಳಗೆ ನೆಲಮಾಳಿಗೆಯ ಬೀಗದ ಕೈ, ಗಂಡನ ಗೊಂಚಲಿನಿಂದ ಕದ್ದದ್ದು. ಆಮೇಲಿನದ್ದು ಇನ್ನೂ ಚೆಂದ. ಶಾಂಪೇನ್ ಬಾಟಲಿಗಳು ಒಂದೊಂದಾಗಿ ಖಾಲಿಯಾಗುತ್ತಿವೆ. ಮುಗಿದರೆ ಗಂಡ ಹೊಸ ಬಾಟಲಿ ತರಲು ನೆಲಮಾಳಿಗೆಗೆ ಇಳಿಯಬೇಕು, ಅಲ್ಲಿ ಹೆಂಡತಿಯೂ ಗೂಢಚಾರ ಡೆವ್ಲಿನ್ನೂ ಇದ್ದಾರೆ. ಅತಿಥಿಯೊಬ್ಬ ಇನ್ನೊಂದು ಲೋಟ ಕೇಳಿದರೂ ನಮಗೆ ಅವನ ಮೇಲೆ ಸಿಟ್ಟು ಬರುತ್ತದೆ. ಪಾನೀಯವೇ ಗಡಿಯಾರವಾಗಿಬಿಡುತ್ತದೆ.

ಎರಡನೆಯದು ‘ರಿಯರ್ ವಿಂಡೋ’ (1954), ಮೂರನೆಯದು ‘ವರ್ಟಿಗೋ’ (1958), ನಾಲ್ಕು ‘ಶ್ಯಾಡೋ ಆಫ್ ಎ ಡೌಟ್’ (1943), ಐದು ‘ಸೈಕೋ’ (1960). ಅನಂತರ ‘ಸ್ಟ್ರೇಂಜರ್ಸ್ ಆನ್ ಎ ಟ್ರೇನ್’, ‘ನಾರ್ತ್ ಬೈ ನಾರ್ತ್‌ವೆಸ್ಟ್’, ‘ದಿ ಬರ್ಡ್ಸ್’. ಆಸ್ಕರ್‌ನಲ್ಲಿ ಶ್ರೇಷ್ಠ ಚಿತ್ರವೆಂದು ಗೆದ್ದ ‘ರೆಬೆಕಾ’ವನ್ನು ಬಿಟ್ಟಿದ್ದೇನೆ. ಅದರಲ್ಲಿ ನಿರ್ಮಾಪಕರ ಕೈ ಹೆಚ್ಚು ಕಾಣುತ್ತದೆ. ನಿಮ್ಮ ಕ್ರಮ ಹೇಳಿ, ಕಾರಣದೊಂದಿಗೆ.

ತುಂಗಾತೀರ:

‘ವರ್ಟಿಗೋ’ಗೆ ಮೂರನೆಯ ಸ್ಥಾನವೇ? ಬೆಳ್ಳಿತೆರೆಯವರೇ, ನಿಮ್ಮ ಅಳತೆಗೋಲನ್ನೇ ಹಿಡಿದು ನಿಮ್ಮೊಂದಿಗೆ ವಾದಿಸುತ್ತೇನೆ. ಕಥೆಯ ಗುಟ್ಟನ್ನು ಕೊನೆಯ ತನಕ ಮುಚ್ಚಿಡಬಹುದಾಗಿದ್ದ ಚಿತ್ರ ಅದು. ನಾಯಕ ಸ್ಕಾಟಿ ಪ್ರೀತಿಸಿ ಕಳೆದುಕೊಂಡ ಮ್ಯಾಡಲೀನೇ ಆಮೇಲೆ ಅವನಿಗೆ ಸಿಗುವ ಜೂಡಿ ಎಂಬುದನ್ನು ಕ್ಲೈಮ್ಯಾಕ್ಸ್‌ಗೆ ಇಟ್ಟುಕೊಂಡಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಹಿಚ್‌ಕಾಕ್ ಏನು ಮಾಡಿದರು? ಇನ್ನೂ ಸಾಕಷ್ಟು ಕಥೆ ಬಾಕಿ ಇರುವಾಗಲೇ ಜೂಡಿಯನ್ನು ಮೇಜಿನ ಮುಂದೆ ಕೂರಿಸಿ, ಒಂದು ಪತ್ರ ಬರೆಸಿ, ನಮಗೆ ಎಲ್ಲವನ್ನೂ ಹೇಳಿಬಿಟ್ಟರು. ಆಕೆ ಪತ್ರ ಹರಿದು ಹಾಕುತ್ತಾಳೆ. ಅಲ್ಲಿಂದ ಮುಂದೆ ನಮಗೆ ಗೊತ್ತು, ಸ್ಕಾಟಿಗೆ ಗೊತ್ತಿಲ್ಲ. ಮೇಜಿನ ಕೆಳಗಿನ ಬಾಂಬ್ ಇದೇ ಅಲ್ಲವೇ? ಅದೂ ಪ್ರೀತಿಯ ಕೆಳಗಿಟ್ಟ ಬಾಂಬ್.

ಅವನು ಆಕೆಗೆ ಸೀರೆ ಆರಿಸುವ ಮದುವೆಮನೆಯ ಹಿರಿಯನ ಹಾಗೆ ಅದೇ ಬೂದು ಬಣ್ಣದ ಉಡುಪು, ಅದೇ ಕೂದಲ ಬಣ್ಣ, ಅದೇ ತುರುಬು ಎಂದು ಹಟ ಹಿಡಿಯುತ್ತಾನೆ. ಆಕೆ ಬೇಡಿಕೊಳ್ಳುತ್ತಾಳೆ, ಕೊನೆಗೆ ಸೋಲುತ್ತಾಳೆ. ಹೋಟೆಲಿನ ಹೊರಗಿನ ನಿಯಾನ್ ಫಲಕದ ಹಸಿರು ಬೆಳಕು ಕೋಣೆಯಲ್ಲೆಲ್ಲ ಮಂಜಿನಂತೆ ತುಂಬಿರುವಾಗ ಕಿಮ್ ನೊವಾಕ್ ಸ್ನಾನದ ಕೋಣೆಯಿಂದ ಹೊರಬರುವ ಆ ಗಳಿಗೆ! ಅವನಿಗೆ ಸತ್ತವಳು ಎದ್ದುಬಂದ ಸುಖ. ನಮಗೆ ಬದುಕಿರುವವಳೊಬ್ಬಳು ಕಣ್ಣೆದುರೇ ಇಲ್ಲವಾದ ದುಃಖ. ಬರ್ನಾರ್ಡ್ ಹರ್ಮನ್ ಅವರ ಸಂಗೀತ ಎರಡನ್ನೂ ಒಟ್ಟಿಗೆ ಹೊರುತ್ತದೆ.

ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ನಡೆಸುವ ವಿಮರ್ಶಕರ ಮತದಾನದಲ್ಲಿ 2012ರಲ್ಲಿ ಇದು ‘ಸಿಟಿಜನ್ ಕೇನ್’ ಚಿತ್ರವನ್ನು ಹಿಂದಿಕ್ಕಿ ಮೊದಲಿಗೆ ಬಂತು, 2022ರಲ್ಲಿ ಎರಡನೆಯದಾಯಿತು. ಆ ಪಟ್ಟಿಯನ್ನು ನೋಡಿ ನಾನು ಇದನ್ನು ಮೆಚ್ಚಿದ್ದಲ್ಲ. ಬಿಡುಗಡೆಯಾದಾಗ ಹೆಚ್ಚು ಜನ ಒಪ್ಪದ ಚಿತ್ರ, ವರ್ಷಗಟ್ಟಲೆ ಪ್ರದರ್ಶನಕ್ಕೇ ಸಿಗದೆ 1980ರ ದಶಕದಲ್ಲಿ ಮತ್ತೆ ತೆರೆಗೆ ಬಂದ ಚಿತ್ರ, ಮರಳಿ ನೋಡಿದವರಿಂದಲೇ ಮೇಲೇರಿತು ಎಂಬುದನ್ನು ಗಮನಿಸಿ. ನೀವು ಕೇಳುತ್ತಿರುವುದೂ ಅದೇ ಗುಣವನ್ನು.

ಹಳೇ ಕ್ಯಾಮೆರಾ:

ಮೂವತ್ತು ವರ್ಷ ಸ್ಟುಡಿಯೋ ನಡೆಸಿದವನು ನಾನು. ನನ್ನ ಮೊದಲ ಸ್ಥಾನ ‘ರಿಯರ್ ವಿಂಡೋ’ಗೆ, ಅದರಲ್ಲಿ ಚೌಕಾಸಿಯಿಲ್ಲ. ಕಾಲು ಮುರಿದುಕೊಂಡು ಗಾಲಿಕುರ್ಚಿಯಲ್ಲಿ ಕುಳಿತ ಫೋಟೋಗ್ರಾಫರ್, ಎದುರಿನ ಮನೆಗಳ ಕಿಟಕಿಗಳು, ಅಷ್ಟೇ. ಪ್ಯಾರಾಮೌಂಟ್ ಸ್ಟುಡಿಯೋದ ಒಳಗೆ ಇಡೀ ವಠಾರವನ್ನೇ ಕಟ್ಟಿದರು, 31 ಮನೆಗಳು. ಎತ್ತರ ಸಾಲದೆ ನೆಲವನ್ನು ಅಗೆದು ಕೆಳಗಿನ ಅಂಗಳ ಮಾಡಿದರು.

ನನಗೆ ಬಹಳ ಇಷ್ಟವಾದದ್ದು ಬೆಳಕಿನ ಬಳಕೆ. ವಠಾರದ ಹೆಂಗಸೊಬ್ಬರ ಪುಟ್ಟ ನಾಯಿ ರಾತ್ರಿ ಕತ್ತು ಮುರಿದು ಸತ್ತಿರುತ್ತದೆ. ಆಕೆ ಕಿರುಚುತ್ತಾಳೆ, ಎಲ್ಲ ಮನೆಯವರೂ ಕಿಟಕಿಗೆ, ಮೆಟ್ಟಿಲಿಗೆ ಬಂದು ನಿಲ್ಲುತ್ತಾರೆ. ಒಂದು ಮನೆ ಮಾತ್ರ ಕತ್ತಲು. ಆ ಕತ್ತಲಿನೊಳಗೆ ಸಿಗರೇಟಿನ ಕೆಂಡ ಒಮ್ಮೆ ಹೊಳೆದು ಮಂಕಾಗುತ್ತದೆ. ಕೊಲೆಗಾರ ಅವನೇ ಎನ್ನಲು ಇನ್ನೇನು ಬೇಕು? ಒಂದು ಬೆಂಕಿಯ ಚುಕ್ಕೆಯಲ್ಲಿ ಹೇಳಿ ಮುಗಿಸಿದರು. ಕೊನೆಯಲ್ಲಿ ಅದೇ ಮನುಷ್ಯ ನಾಯಕನ ಕೋಣೆಗೆ ನುಗ್ಗಿದಾಗ ನಾಯಕನ ಕೈಯಲ್ಲಿ ಬೇರೆ ಆಯುಧವಿಲ್ಲ, ಫ್ಲ್ಯಾಶ್ ಬಲ್ಬುಗಳಿವೆ. ಒಂದು ಉರಿಸುತ್ತಾನೆ, ಬಂದವನ ಕಣ್ಣು ಕುರುಡಾಗುತ್ತದೆ. ಸುಟ್ಟ ಬಲ್ಬ್ ತೆಗೆದು ಇನ್ನೊಂದು ಹಾಕಬೇಕು, ಬೆರಳಿಗೆ ಬಿಸಿ ತಾಗುತ್ತದೆ. ಆ ಬಲ್ಬುಗಳನ್ನು ಬಳಸಿದವರಿಗೆ ಒಂದರಿಂದ ಇನ್ನೊಂದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ಗೊತ್ತು. ಹಿಚ್‌ಕಾಕ್ ಆ ಹೊತ್ತನ್ನು ಕದಿಯದೆ ತೋರಿಸಿದರು.

ಇನ್ನೊಂದು ಮಾತು. ಕೊಲೆಗಾರ ಒಳಗೆ ಬಂದೊಡನೆ ಹೊಡೆಯುವುದಿಲ್ಲ, ತನ್ನಿಂದ ಏನು ಬೇಕೆಂದು ಕೇಳುತ್ತಾನೆ. ನಾಯಕನ ಬಳಿ ಉತ್ತರವಿಲ್ಲ. ಇಷ್ಟು ಹೊತ್ತು ಕತ್ತಲಲ್ಲಿ ಕುಳಿತು ಇಣುಕಿದ ನನ್ನ ಬಳಿಯೂ ಇರಲಿಲ್ಲ.

ಸಂಪಿಗೆ:

ಹಳೇ ಕ್ಯಾಮೆರಾ ಸರ್, ಆ ಕೆಂಡದ ಮಾತು ಓದಿ ಮೈ ಜುಮ್ಮೆಂದಿತು. ಈ ರಾತ್ರಿಯೇ ಮತ್ತೆ ನೋಡುತ್ತೇನೆ.

ಆದರೆ ಗ್ರೇಸ್ ಕೆಲ್ಲಿ ಅವರನ್ನು ಯಾರೂ ನೆನೆಯಲಿಲ್ಲವಲ್ಲ? ನಾಯಕ ಕುರ್ಚಿಯಲ್ಲೇ ಇದ್ದಾನೆ, ಏಣಿ ಹತ್ತಿ ಕೊಲೆಗಾರನ ಮನೆಗೆ ನುಗ್ಗಿದವಳು ಲೀಸಾ. ಸತ್ತ ಹೆಂಡತಿಯ ಮದುವೆಯ ಉಂಗುರವನ್ನು ತನ್ನ ಬೆರಳಿಗೆ ಹಾಕಿಕೊಂಡು, ಬೆನ್ನ ಹಿಂದೆ ಕೈ ತಿರುಗಿಸಿ ಕಿಟಕಿಯತ್ತ ತೋರಿಸುತ್ತಾಳೆ. ಕೊಲೆಗಾರ ಆ ಬೆರಳನ್ನು ನೋಡುತ್ತಾನೆ, ಆಮೇಲೆ ನಿಧಾನವಾಗಿ ತಲೆಯೆತ್ತಿ ನೇರವಾಗಿ ನಮ್ಮನ್ನೇ ನೋಡುತ್ತಾನೆ. ನನ್ನ ಲೆಕ್ಕದಲ್ಲಿ ಅವರ ಚಿತ್ರಗಳಲ್ಲೇ ಅತ್ಯಂತ ಭಯಾನಕ ನೋಟ ಅದು.

ನಾದಲೋಲ:

ಶಬ್ದ ಸಂಕಲನ ನನ್ನ ಕಸುಬು. ‘ದಿ ಬರ್ಡ್ಸ್’ (1963) ಎಂಟನೆಯದು ಎಂಬುದನ್ನು ನಾನು ಒಪ್ಪಲಾರೆ. ನನ್ನ ಮೊದಲ ಮೂರರಲ್ಲಿ ಅದಿದೆ.

ಅದಕ್ಕೆ ಮೂರು ವರ್ಷ ಮೊದಲು, ‘ಸೈಕೋ’ದಲ್ಲಿ, ಹರ್ಮನ್ ಬರೀ ತಂತಿವಾದ್ಯಗಳಿಂದ ಜಗತ್ತನ್ನೇ ನಡುಗಿಸಿದ್ದರು. ಸ್ನಾನದ ದೃಶ್ಯಕ್ಕೆ ಸಂಗೀತವೇ ಬೇಡ ಎಂದಿದ್ದ ಹಿಚ್‌ಕಾಕ್, ಹರ್ಮನ್ ಬರೆದದ್ದನ್ನು ಕೇಳಿ ತಮ್ಮ ಮಾತನ್ನು ಹಿಂದೆಗೆದುಕೊಂಡರು. ಅಂಥ ಗೆಲುವಾದ ಮೇಲೆ ಯಾರಾದರೂ ಅದೇ ದಾರಿ ಹಿಡಿಯುತ್ತಾರೆ. ಇವರು ‘ದಿ ಬರ್ಡ್ಸ್’ನಲ್ಲಿ ಹಿನ್ನೆಲೆ ಸಂಗೀತವನ್ನೇ ತೆಗೆದುಹಾಕಿದರು. ಹರ್ಮನ್ ಆ ಚಿತ್ರದಲ್ಲಿ ಧ್ವನಿ ಸಲಹೆಗಾರರು ಮಾತ್ರ. ರೆಕ್ಕೆಗಳ ಬಡಿತ, ಕಿರುಚಾಟಗಳನ್ನು ಓಸ್ಕರ್ ಸಾಲಾ ಮತ್ತು ರೆಮಿ ಗಾಸ್ಮನ್ ಟ್ರೌಟೋನಿಯಂ ಎಂಬ ಜರ್ಮನ್ ವಿದ್ಯುನ್ಮಾನ ವಾದ್ಯದಲ್ಲಿ ಹುಟ್ಟಿಸಿದರು.

ಶಾಲೆಯ ಹೊರಗಿನ ದೃಶ್ಯವನ್ನು ಕಣ್ಣು ಮುಚ್ಚಿ ಕೇಳಿ. ಮಕ್ಕಳು ಒಳಗೆ ಹಾಡುತ್ತಿದ್ದಾರೆ. ಅದೇ ಸಾಲುಗಳು ತಿರುತಿರುಗಿ ಬರುವ ಹಾಡು, ಮುಗಿಯುವುದೇ ಇಲ್ಲ. ಮೆಲನಿ ಬೆಂಚಿನ ಮೇಲೆ ಸಿಗರೇಟ್ ಸೇದುತ್ತಾ ಕಾಯುತ್ತಿದ್ದಾಳೆ. ಬೆನ್ನ ಹಿಂದಿನ ಆಟದ ಕಂಬಿಗಳ ಮೇಲೆ ಒಂದು ಕಾಗೆ ಬಂದು ಕೂರುತ್ತದೆ. ಆಮೇಲೆ ಇನ್ನೂ ಕೆಲವು. ಆಮೇಲೆ ಕ್ಯಾಮೆರಾ ಆಕೆಯ ಮುಖದ ಮೇಲೆಯೇ ನಿಂತುಬಿಡುತ್ತದೆ, ಬಹಳ ಹೊತ್ತು. ಆಕೆ ಆಕಾಶದಲ್ಲಿ ಒಂದೇ ಕಾಗೆಯನ್ನು ಕಂಡು ಅದು ಹೋದ ಕಡೆ ಕಣ್ಣು ತಿರುಗಿಸುತ್ತಾಳೆ. ಕಂಬಿಗಳೆಲ್ಲ ಕಪ್ಪಾಗಿವೆ. ಇಷ್ಟೂ ಹೊತ್ತು ಕಾಗೆಗಳದೊಂದು ಸದ್ದಿಲ್ಲ, ಮಕ್ಕಳ ದನಿ ಮಾತ್ರ. ಹಾಡು ಮುಗಿದರೆ ಮಕ್ಕಳು ಹೊರಬರುತ್ತಾರೆ ಎಂದು ನಮಗೆ ಗೊತ್ತು, ಅದಕ್ಕೇ ಅದು ಮುಗಿಯದಿರಲಿ ಎಂದು ಬೇಡಿಕೊಳ್ಳುತ್ತೇವೆ. ಬೆಳ್ಳಿತೆರೆಯವರು ಹೇಳಿದ ಶಾಂಪೇನ್ ಗಡಿಯಾರದಂತೆಯೇ ಇದೂ ಒಂದು ಗಡಿಯಾರ, ಕಿವಿಗೆ.

ಸಂಪಿಗೆ:

ನಾದಲೋಲ ಅವರೇ, ಆ ದೃಶ್ಯದ ಕುರಿತು ನೀವು ಬರೆದದ್ದಕ್ಕೆ ಎದುರಾಡುವುದಿಲ್ಲ. ಆದರೆ ಆ ಚಿತ್ರವನ್ನು ಮೊದಲ ಮೂರರಲ್ಲಿ ಇಡಲು ನನ್ನ ಮನಸ್ಸು ಬರುವುದಿಲ್ಲ, ಕಾರಣ ಹೇಳುತ್ತೇನೆ. ಅಟ್ಟದ ಮೇಲಿನ ದಾಳಿಯ ದೃಶ್ಯಕ್ಕೆ ಯಂತ್ರದ ಹಕ್ಕಿಗಳೆಂದು ಹೇಳಿ, ಕೊನೆಗೆ ಜೀವಂತ ಹಕ್ಕಿಗಳನ್ನೇ ಟಿಪ್ಪಿ ಹೆಡ್ರನ್ ಅವರ ಮೇಲೆ ಎಸೆದರು. ಐದು ದಿನ ಹೀಗೇ ನಡೆಯಿತು. ಆಕೆ ಕುಸಿದರು, ವೈದ್ಯರು ವಿಶ್ರಾಂತಿ ಹೇಳಬೇಕಾಯಿತು. ನಿರ್ದೇಶಕರು ತಮ್ಮನ್ನು ಲೈಂಗಿಕವಾಗಿ ಪೀಡಿಸಿದರು ಎಂದು 2016ರಲ್ಲಿ ಬಂದ ತಮ್ಮ ಆತ್ಮಕಥೆಯಲ್ಲಿ ಅವರು ಬರೆದಿದ್ದಾರೆ. ಇದು ತಿಳಿದ ಮೇಲೆ ಆ ಅಟ್ಟದ ದೃಶ್ಯದಲ್ಲಿ ನನಗೆ ಮೆಲನಿ ಕಾಣುವುದಿಲ್ಲ, ಟಿಪ್ಪಿ ಕಾಣುತ್ತಾರೆ. ಕಥೆಯೊಳಗಿನ ಭಯ ಅಲ್ಲಿಗೆ ನಿಂತುಹೋಗುತ್ತದೆ. ಟಿಪ್ಪಿಯವರೇ ನಾಯಕಿಯಾದ ‘ಮಾರ್ನಿ’ಯನ್ನು ನನ್ನ ಪಟ್ಟಿಗೆ ಸೇರಿಸದಿರುವುದಕ್ಕೂ ಇದೇ ಕಾರಣ.

ಇದರ ಜೊತೆಗೆ ಇನ್ನೊಬ್ಬ ಹೆಂಗಸಿನ ಹೆಸರನ್ನೂ ಹೇಳಲೇಬೇಕು. ಆಲ್ಮಾ ರೆವಿಲ್. ಮದುವೆಗೆ ಮೊದಲೇ ಸಂಕಲನ ಬಲ್ಲವರು, ಆಮೇಲೆ ಜೀವನಪೂರ್ತಿ ಗಂಡನ ಚಿತ್ರಕಥೆಗಳನ್ನೂ ಕತ್ತರಿಸಿದ ಚಿತ್ರಗಳನ್ನೂ ಕೊನೆಯದಾಗಿ ಒರೆಗೆ ಹಚ್ಚಿದವರು. ‘ಸೈಕೋ’ ಸಿದ್ಧವಾಗಿ ಎಲ್ಲರೂ ನೋಡಿ ಒಪ್ಪಿದ ಮೇಲೂ, ಸತ್ತು ಬಿದ್ದ ಜಾನೆಟ್ ಲೀ ಅವರಲ್ಲಿ ಜೀವದ ಸುಳಿವು ಇನ್ನೂ ಕಾಣುತ್ತಿದೆ ಎಂದು ಗುರುತಿಸಿದ್ದು ಅವರ ಕಣ್ಣು. 1979ರಲ್ಲಿ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ನ ಗೌರವ ಸ್ವೀಕರಿಸುವಾಗ ಹಿಚ್‌ಕಾಕ್ ನಾಲ್ವರಿಗೆ ಕೃತಜ್ಞತೆ ಹೇಳಿದರು. ಒಬ್ಬರು ಸಂಕಲನಕಾರರು, ಒಬ್ಬರು ಚಿತ್ರಕಥೆಗಾರರು, ಒಬ್ಬರು ತಮ್ಮ ಮಗಳ ತಾಯಿ, ಒಬ್ಬರು ಒಳ್ಳೆಯ ಅಡುಗೆಯವರು. ನಾಲ್ವರ ಹೆಸರೂ ಆಲ್ಮಾ ರೆವಿಲ್. ನಾವು ಸ್ಥಾನ ಹಂಚುವಾಗ ಆ ಹೆಸರೂ ಜೊತೆಗಿರಲಿ.

ಗುಬ್ಬಿಗೂಡು:

ನಾನು ಇವರ ‘ಸೈಕೋ’ ಒಂದನ್ನೇ ನೋಡಿದ್ದೇನೆ. ಹಿರಿಯರೆಲ್ಲ ಇಷ್ಟು ಚೆನ್ನಾಗಿ ಬರೆಯುತ್ತಿದ್ದೀರಿ, ಮುಂದೆ ಯಾವುದು ನೋಡಲಿ? ಅಮ್ಮನೂ ಜೊತೆಗೆ ಕೂರುತ್ತಾರೆ. ಅವರಿಗೆ ಇಂಗ್ಲಿಷ್ ಬಾರದು, ರಕ್ತ ಕಂಡರೆ ಆಗದು.

ಬೆಳ್ಳಿತೆರೆ:

ಗುಬ್ಬಿಗೂಡು, ‘ನೊಟೋರಿಯಸ್’ ಹಾಕಿ. ಹನಿ ರಕ್ತ ಇಲ್ಲ. ಮುಖ್ಯ ಗಳಿಗೆಗಳಲ್ಲಿ ಮಾತೂ ಕಡಿಮೆ. ನೆಲಮಾಳಿಗೆಯ ಬಾಟಲಿಯಲ್ಲಿ ಬಚ್ಚಿಟ್ಟಿರುವುದು ಯುರೇನಿಯಂ ಎಂದು ಅಮ್ಮನಿಗೆ ವಿವರಿಸುವ ಕಷ್ಟವೂ ಬೇಡ, ಅದು ವಜ್ರವಾಗಿದ್ದರೂ ಕಥೆ ಕೆಡುತ್ತಿರಲಿಲ್ಲ.

ಕಡಲತಡಿ:

ಎರಡು ದಿನದಿಂದ ಓದುತ್ತಿದ್ದೇನೆ, ‘ಶ್ಯಾಡೋ ಆಫ್ ಎ ಡೌಟ್’ ಪರವಾಗಿ ಒಬ್ಬರೂ ಏಳಲಿಲ್ಲ. ಹಾಗಾಗಿ ನಾನು ಏಳುತ್ತೇನೆ.

ಉಳಿದ ಚಿತ್ರಗಳಲ್ಲಿ ಕೇಡು ಎಲ್ಲಿಂದಲೋ ಬರುತ್ತದೆ: ಗೂಢಚಾರರು, ಹೆದ್ದಾರಿಯ ಪಕ್ಕದ ಮೋಟೆಲ್, ರೈಲಿನಲ್ಲಿ ಸಿಕ್ಕ ಅಪರಿಚಿತ. ಇಲ್ಲಿ ಅದು ಬರುವುದು ಸೋದರಮಾವನಾಗಿ. ಅಕ್ಕ ಪ್ರೀತಿಯಿಂದ ಸಾಕಿದ ತಮ್ಮ, ಮನೆಮಂದಿಗೆಲ್ಲ ಉಡುಗೊರೆ ತಂದವನು, ಸೊಸೆಗೆ ತನ್ನದೇ ಹೆಸರಿಟ್ಟುಕೊಂಡ ಹೆಮ್ಮೆ. ಇಬ್ಬರೂ ಚಾರ್ಲಿ. ನಮ್ಮ ಕಡೆ ಸೋದರಮಾವ ಬಂದರೆ ಮಕ್ಕಳು ಬೀದಿಯ ತುದಿಯವರೆಗೆ ಓಡುತ್ತಾರೆ, ಸಾಂಟಾ ರೋಸಾದ ಆ ಹುಡುಗಿಯೂ ಹಾಗೆಯೇ ನಿಲ್ದಾಣಕ್ಕೆ ಓಡುತ್ತಾಳೆ. ಅವನನ್ನು ತಂದ ರೈಲು ಇಡೀ ನಿಲ್ದಾಣವನ್ನು ಕಪ್ಪು ಹೊಗೆಯಲ್ಲಿ ಮುಳುಗಿಸುತ್ತದೆ. ಅವನು ಶ್ರೀಮಂತ ವಿಧವೆಯರನ್ನು ಕೊಂದು ಬಂದವನು.

ಊಟದ ಮೇಜಿನ ದೃಶ್ಯ ಹೇಳುತ್ತೇನೆ. ಮಾವ ಮಾತಾಡುತ್ತಿದ್ದಾನೆ. ಗಂಡಂದಿರು ದುಡಿದ ಹಣವನ್ನು ತಿಂದು ತೇಗುವ ವಿಧವೆಯರು ಎನ್ನುತ್ತಾ ದನಿ ತಣ್ಣಗಾಗುತ್ತದೆ. ಕ್ಯಾಮೆರಾ ಅವನ ಕೆನ್ನೆಯ ಪಕ್ಕಕ್ಕೆ ಹತ್ತಿರ, ಇನ್ನೂ ಹತ್ತಿರ ಬರುತ್ತದೆ. ತೆರೆಯ ಹೊರಗಿನಿಂದ ಸೊಸೆಯ ದನಿ ಕೇಳುತ್ತದೆ: ಅವರೂ ಜೀವವಿರುವ ಮನುಷ್ಯರಲ್ಲವೇ? ಅವನು ಮುಖ ತಿರುಗಿಸಿ ನೇರ ನಮ್ಮ ಕಣ್ಣಿಗೇ ಕಣ್ಣಿಟ್ಟು ಕೇಳುತ್ತಾನೆ, ಹೌದೇ? ಜೋಸೆಫ್ ಕಾಟನ್ ಅವರ ಮುಖದಲ್ಲಿ ಸಿಟ್ಟಿಲ್ಲ, ಹುಚ್ಚಿಲ್ಲ. ಅದೇ ಭಯ.

ಇನ್ನು ಎರಡನೆಯ ನೋಟದ ವಿಷಯ. ಮೊದಲ ಬಾರಿ ಮಾವ ಸಿಕ್ಕಿಬೀಳುತ್ತಾನೋ ಇಲ್ಲವೋ ಎಂದು ನೋಡಿದೆ. ಎರಡನೆಯ ಬಾರಿ ಅಕ್ಕನನ್ನೇ ನೋಡುತ್ತಾ ಕುಳಿತೆ. ತಮ್ಮ ಹೊರಡುತ್ತೇನೆ ಎಂದಾಗ ನೆರೆದವರ ಮುಂದೆಯೇ ಆಕೆಯ ದನಿ ಒಡೆಯುತ್ತದೆ. ತಾನೂ ಒಬ್ಬಳು ಇದ್ದೆ, ಮದುವೆಯಾಗಿ ಎಲ್ಲವೂ ಮರೆತುಹೋಯಿತು ಎಂಬ ಅರ್ಥದ ಮಾತು. ಆಗ ತಿಳಿಯಿತು, ಸೊಸೆ ಬಾಯಿ ಬಿಡದಿರುವುದು ತನ್ನ ಜೀವಕ್ಕೆ ಹೆದರಿ ಅಲ್ಲ. ನಿಜ ಹೇಳಿದರೆ ಅಮ್ಮ ಉಳಿಯುವುದಿಲ್ಲ. ಬಾಂಬ್ ಇರುವುದು ಆ ತಾಯಿಯ ಕುರ್ಚಿಯ ಕೆಳಗೆ. ಚಿತ್ರ ಮುಗಿದರೂ ಅದು ಅಲ್ಲೇ ಇರುತ್ತದೆ, ಏಕೆಂದರೆ ಊರು ಅವನನ್ನು ಒಳ್ಳೆಯವನೆಂದೇ ಶವದ ಮೆರವಣಿಗೆಯಲ್ಲಿ ಕಳಿಸಿಕೊಡುತ್ತದೆ, ತಾಯಿಗೆ ಕೊನೆಗೂ ಯಾರೂ ಹೇಳುವುದಿಲ್ಲ.

ಬೆಳ್ಳಿತೆರೆ:

ಕಡಲತಡಿಯವರೇ, ನಿಮ್ಮ ಮಾತು ಓದಿ ನಿನ್ನೆ ಮತ್ತೆ ನೋಡಿದೆ. ತಾಯಿಯನ್ನು ನಾನು ಇಷ್ಟು ದಿನ ಹಿನ್ನೆಲೆಯ ಪಾತ್ರವೆಂದೇ ಎಣಿಸಿದ್ದೆ, ಅದು ನನ್ನ ತಪ್ಪು. ‘ಶ್ಯಾಡೋ ಆಫ್ ಎ ಡೌಟ್’ ಎರಡನೆಯ ಸ್ಥಾನಕ್ಕೆ ಬರುತ್ತದೆ. ‘ರಿಯರ್ ವಿಂಡೋ’ ಮೂರು, ‘ವರ್ಟಿಗೋ’ ನಾಲ್ಕು. ತುಂಗಾತೀರ ಅವರಿಗೆ ನೋವಾಗುತ್ತದೆಂದು ಗೊತ್ತು. ಪತ್ರದ ಕುರಿತು ನೀವು ಹೇಳಿದ್ದು ಪೂರ್ತಿ ನಿಜ. ಆದರೆ ಆ ಚಿತ್ರದಲ್ಲಿನ ಕೊಲೆಯ ಸಂಚು ಅಷ್ಟು ಕರಾರುವಾಕ್ಕಾಗಿ ನಡೆಯಲು ಸಾಧ್ಯವೇ ಎಂಬ ಪ್ರಶ್ನೆ ಪ್ರತಿ ಸಲವೂ ನನ್ನನ್ನು ಕಥೆಯಿಂದ ಹೊರಗೆಳೆಯುತ್ತದೆ.

ತುಂಗಾತೀರ:

ಕನಸಿಗೆ ಪೊಲೀಸ್ ತನಿಖೆಯ ಲೆಕ್ಕ ಕೇಳಬಾರದು ಎನ್ನುತ್ತೇನೆ. ನನ್ನ ಕ್ರಮ ಬದಲಾಗದು.

ಅರಳೀಕಟ್ಟೆ:

ಬಾಂಬಿನ ಮಾತು ಇಷ್ಟೊಂದು ಬಂತು, ನಿಜವಾದ ಬಾಂಬ್ ಇರುವ ಚಿತ್ರವನ್ನು ಎಲ್ಲರೂ ಬಿಟ್ಟಿರಿ. ‘ಸಬೊಟಾಜ್’ (1936), ಲಂಡನ್ನಿನಲ್ಲಿದ್ದಾಗ ಮಾಡಿದ್ದು. ಹುಡುಗನೊಬ್ಬ ಸಿನಿಮಾ ರೀಲುಗಳ ಡಬ್ಬಿಯ ಜೊತೆ ಒಂದು ಪೊಟ್ಟಣ ಹೊತ್ತು ಬಸ್ಸು ಹತ್ತುತ್ತಾನೆ. ಅದು 1.45ಕ್ಕೆ ಸಿಡಿಯುತ್ತದೆ ಎಂದು ನಮಗೆ ಗೊತ್ತು. ದಾರಿಯಲ್ಲಿ ಮೆರವಣಿಗೆ, ತಡ. ಪಕ್ಕದಲ್ಲಿ ಒಂದು ನಾಯಿಮರಿ, ಹುಡುಗ ಅದರೊಂದಿಗೆ ಆಡುತ್ತಾನೆ. ಗಡಿಯಾರಗಳು ಒಂದರ ಹಿಂದೊಂದು. ಸಿಡಿದೇ ಬಿಡುತ್ತದೆ.

ಹುಡುಗನನ್ನು ಸಾಯಿಸಿದ್ದು ತಪ್ಪಾಯಿತು, ನೋಡುಗರು ಕ್ಷಮಿಸಲಿಲ್ಲ ಎಂದು ಅವರು ಆಮೇಲೆ ಹೇಳಿಕೊಂಡರು. ಮುಂದಿನ ಚಿತ್ರಗಳಲ್ಲೆಲ್ಲ ನಾವು ಅನುಭವಿಸುವ ಆ ತಡೆದು ಹಿಡಿಯುವ ಕಲೆ ಈ ಪಶ್ಚಾತ್ತಾಪದಿಂದ ಹದಗೊಂಡದ್ದು ಎಂದೇ ನನ್ನ ನಂಬಿಕೆ. ಮೊದಲ ಐದರಲ್ಲಿ ಇಡಿ ಎನ್ನುವುದಿಲ್ಲ, ಹತ್ತರೊಳಗೆ ಇರಬೇಕು.

‘ದಿ ರಾಂಗ್ ಮ್ಯಾನ್’ (1956) ಕೂಡ ಇರಬೇಕು. ನಿಜವಾಗಿ ನಡೆದದ್ದು, ನ್ಯೂಯಾರ್ಕಿನ ಒಬ್ಬ ವಾದ್ಯಗಾರನನ್ನು ದರೋಡೆಕೋರನೆಂದು ಹಿಡಿದ ಪ್ರಕರಣ. ಪೊಲೀಸರು ದರೋಡೆಯ ಚೀಟಿಯಲ್ಲಿದ್ದ ಸಾಲನ್ನು ಅವನ ಕೈಯಲ್ಲಿ ಬರೆಸುತ್ತಾರೆ. ದರೋಡೆಕೋರ ತಪ್ಪು ಬರೆದಿದ್ದ ಪದವನ್ನೇ ಇವನೂ ತಪ್ಪಾಗಿ ಬರೆದುಬಿಡುತ್ತಾನೆ. ಒಂದು ಕಾಗುಣಿತದ ತಪ್ಪು ಒಂದು ಸಂಸಾರವನ್ನು ಒಡೆಯುತ್ತದೆ. ನಮ್ಮ ಬಂಧುಗಳೊಬ್ಬರನ್ನು ಹೆಸರು ಒಂದೇ ಎಂಬ ಕಾರಣಕ್ಕೆ ಒಮ್ಮೆ ಸಂಜೆಯವರೆಗೆ ಠಾಣೆಯಲ್ಲಿ ಕೂರಿಸಿದ್ದರು. ಮನೆಗೆ ಬಂದ ಮೇಲೆ ಅವರು ಚಪ್ಪಲಿ ಬಿಚ್ಚದೆ ಜಗುಲಿಯಲ್ಲೇ ಕುಳಿತಿದ್ದದ್ದು ನನ್ನ ಕಣ್ಣಲ್ಲಿದೆ. ಹೆನ್ರಿ ಫೋಂಡಾ ಅವರ ಮುಖದಲ್ಲಿ ನಾನು ಅದನ್ನೇ ಕಂಡೆ.

ಹಳೇ ಕ್ಯಾಮೆರಾ:

ಅರಳೀಕಟ್ಟೆಯವರೇ, ಆ ಚಿತ್ರಕ್ಕೆ ನನ್ನ ಮತವೂ ಇದೆ.

ಗುಬ್ಬಿಗೂಡು:

ನಿನ್ನೆ ರಾತ್ರಿ ಅಮ್ಮನೊಂದಿಗೆ ‘ನೊಟೋರಿಯಸ್’ ನೋಡಿದೆ. ಮೊದಲರ್ಧ ಗಂಟೆ ನಡುನಡುವೆ ಕಥೆ ಹೇಳುತ್ತಿದ್ದೆ. ಪಾರ್ಟಿ ಶುರುವಾದ ಮೇಲೆ ಅಮ್ಮ ಕೈಯೆತ್ತಿ ನನ್ನನ್ನು ಸುಮ್ಮನಾಗಿಸಿದರು. ಬಿಡಿಸುತ್ತಿದ್ದ ಅವರೆಕಾಯಿ ಮಡಿಲಲ್ಲೇ ಉಳಿಯಿತು. “ಇನ್ನು ಐದೇ ಇವೆ” ಎಂದು ಬಾಟಲಿಗಳನ್ನು ಎಣಿಸಿದರು. ಕಾಫಿಯಲ್ಲಿ ವಿಷವಿದೆ ಎಂದು ನಾನು ಹೇಳುವ ಮೊದಲೇ ಅವರಿಗೆ ತಿಳಿದಿತ್ತು, ಆ ಅತ್ತೆಯ ಮುಖ ನೋಡಿಯೇ.

ಕೊನೆಯ ಮೆಟ್ಟಿಲಿನ ದೃಶ್ಯದಲ್ಲಿ ಇಬ್ಬರೂ ಉಸಿರಾಡಲಿಲ್ಲ. ಡೆವ್ಲಿನ್ ಆಕೆಯನ್ನು ತಾಂಗಿಕೊಂಡು ಇಳಿಯುತ್ತಾನೆ, ಗಂಡ ಜೊತೆಗೆ ಇಳಿಯುತ್ತಾನೆ, ಕೆಳಗೆ ಅವನ ಕಡೆಯವರು ನೋಡುತ್ತಾ ನಿಂತಿದ್ದಾರೆ. ಒಂದು ಮಾತು ಹೆಚ್ಚು ಕಡಿಮೆಯಾದರೆ ಮೂವರೂ ಮುಗಿದರು. ಕಾರಿನ ಬಾಗಿಲು ಅವನಿಗೆ ತೆರೆಯುವುದಿಲ್ಲ. ಹಿಂದಿನಿಂದ ಅವನನ್ನು ಒಳಗೆ ಕರೆಯುತ್ತಾರೆ. ಅವನು ತಿರುಗಿ ನಡೆಯುತ್ತಾನೆ, ಬಾಗಿಲು ಮುಚ್ಚುತ್ತದೆ.

ನಾನು ಚಪ್ಪಾಳೆ ತಟ್ಟಿದೆ. ಅಮ್ಮ ತಟ್ಟಲಿಲ್ಲ. ಅವನಿಗೆ ಆಕೆಯ ಮೇಲೆ ನಿಜವಾಗಿಯೂ ಪ್ರೀತಿ ಇತ್ತಲ್ಲ, ಈಗ ಒಳಗೆ ಅವನ ತಾಯಿಯ ಕಣ್ಣೆದುರೇ ಅವನನ್ನು ಏನು ಮಾಡುತ್ತಾರೋ ಎಂದರು. ಅವರೆಕಾಯಿ ಬಿಡಿಸುವುದು ಮುಗಿದ ಮೇಲೂ ಅದನ್ನೇ ಹೇಳುತ್ತಿದ್ದರು. ಶನಿವಾರ ಸೋದರಮಾವನ ಚಿತ್ರ ಹಾಕುತ್ತೇನೆ ಎಂದಿದ್ದೇನೆ.